ಸೆಸ್ನಾ 152: ಮೂತಿ ಎತ್ತಿ ಮುಂದಿನ ಚಕ್ರ ಬಿಚ್ಚುವುದು ಹೇಗೆ?

ಕಾಳಿತೀರ:
ಕಾರವಾರದ ಒಂದು ಕಾಲೇಜಿನಲ್ಲಿ ವರ್ಕ್‌ಶಾಪ್ ನೋಡಿಕೊಳ್ಳುತ್ತೇನೆ. ಹಾರಾಟ ನಿಲ್ಲಿಸಿದ ಸೆಸ್ನಾ 152, ಎರಡು ಸೀಟಿನ ಸಣ್ಣ ವಿಮಾನ, ಒಂದು ನಮ್ಮಲ್ಲಿದೆ. ಇಲ್ಲಿನ ಚಾಪೆಲ್ ಯುದ್ಧನೌಕೆ ಪಕ್ಕದ ದೊಡ್ಡ ಟುಪೊಲೆವ್ ವಿಮಾನ ನೋಡಿದವರಿಗೆ ಇದು ಆಟಿಕೆ ಅನ್ನಿಸಬಹುದು, ಆದರೂ ಖಾಲಿ ತೂಕವೇ ಸುಮಾರು 500 ಕಿಲೋ. ತಗಡಿನ ಶೆಡ್, ಪಕ್ಕದಲ್ಲೇ ಸಮುದ್ರ. ಮುಂದಿನ ಟೈರ್ ಪೂರ್ತಿ ಕೂತಿದೆ. ವಿಮಾನ ತಳ್ಳಿದರೂ ಚಕ್ರ ತಿರುಗುವುದಿಲ್ಲ, ಬೇರಿಂಗ್ ಹಿಡಿದಿರಬೇಕು.

ಸಿರ್ಸಿಯ ನಮ್ಮ ಭಾವನಿಗೆ ಗ್ಯಾರೇಜ್ ಇದೆ. "ಇಂಜಿನ್ ಅಡಿಗೆ ಟ್ರಾಲಿ ಜ್ಯಾಕ್ ಕೊಡು, ಐದು ನಿಮಿಷದ ಕೆಲಸ" ಅಂತಾನೆ. ನನಗೆ ಧೈರ್ಯ ಸಾಲದು. ಇನ್ನು ಪ್ರಿನ್ಸಿಪಾಲರು, ಹೇಗೂ ಎತ್ತುತ್ತೀರಲ್ಲ, ಇಂಜಿನ್ನೂ ಇಳಿಸಿಬಿಡಿ, ಲ್ಯಾಬಿಗೆ ಬೇಕು ಅಂದಿದ್ದಾರೆ. ಎರಡೂ ಒಟ್ಟಿಗೆ ಮಾಡಬಹುದಾ?

ಘಟ್ಟದ ಮೇಲಿನವ:
ಜ್ಯಾಕ್ ಯಾಕೆ ಮಾರಾಯ್ರೆ? ನಾಲ್ಕು ಹುಡುಗರನ್ನು ಬಾಲದ ರೆಕ್ಕೆ ಮೇಲೆ ಕೂರಿಸಿ. ಮೂತಿ ತಾನಾಗೇ ಏಳುತ್ತದೆ. ಬೇಕಾದರೆ ಬೈತಖೋಲ ಬಂದರಿನಿಂದ ನೈಲಾನ್ ಹಗ್ಗ ತಂದು ಕಟ್ಟಿ.

ಹಳೇ ಸ್ಪ್ಯಾನರ್:
ಅಂಕೋಲಾದಿಂದ ಬರೆಯುತ್ತಿದ್ದೇನೆ. ಸರ್ವೀಸಿನ ಬಹುಪಾಲು ಇಂಥ ಸಣ್ಣ ವಿಮಾನಗಳ ಅಡಿಯಲ್ಲೇ ಕಳೆದವನು ನಾನು.

ಮೊದಲು ಭಾವನ ಜ್ಯಾಕ್ ವಾಪಸ್ ಕಳಿಸಿ. ಇಂಜಿನ್ ಅಡಿಗೆ ಇರುವುದು ಆಯಿಲ್ ಸಂಪ್, ಅಂದರೆ ಎಣ್ಣೆ ತೊಟ್ಟಿ. ಅದರ ಹೊರಗೆ ಕೌಲಿಂಗ್, ಬರೀ ತೆಳು ತಗಡು. ಎರಡೂ ಭಾರ ಹೊರಲಿಕ್ಕೆ ಮಾಡಿದ್ದಲ್ಲ.

ಬಾಲ ತಗ್ಗಿಸುವ ಯೋಚನೆ ಸರಿ. ಹಿಂದಿನ ಎರಡು ಚಕ್ರದ ಮೇಲೆ ವಿಮಾನ ತಕ್ಕಡಿ ಥರ ತೂಗುತ್ತದೆ. ಆದರೆ ಬಾಲದ ರೆಕ್ಕೆ ಮೇಲೆ ಹುಡುಗರನ್ನು ಕೂರಿಸಿದರೆ ಅದು ಬಗ್ಗಿಹೋಗುತ್ತದೆ. ಒತ್ತುವುದಾದರೆ ಅದಕ್ಕಿಂತ ತುಸು ಮುಂದೆ, ವಿಮಾನದ ಮೈ ಮೇಲೆ, ಒಳಗೆ ಬಲ್ಕ್‌ಹೆಡ್ (ಮೈಗೆ ಬಲ ಕೊಡುವ ಅಡ್ಡ ಚೌಕಟ್ಟು) ಇರುವಲ್ಲಿ ಒತ್ತಿ. ಹೊರಗಿನಿಂದ ನೋಡಿದರೆ ರಿವೆಟ್ ಸಾಲು ಸುತ್ತ ಬಂದಿರುತ್ತದಲ್ಲ, ಅದೇ ಜಾಗ. ಎರಡು ಸಾಲಿನ ನಡುವೆ ಒತ್ತಿದರೆ ತಗಡು ನಗ್ಗುತ್ತದೆ.

ಅದೂ ಎಷ್ಟು ಭಾರ ಬೇಕು ಅಂತ ಅಂದಾಜು ಮಾಡಲಿಕ್ಕೆ ಮಾತ್ರ. ಹಿಡಿದು ನಿಲ್ಲಲು ಮನುಷ್ಯರು ಬೇಡವೇ ಬೇಡ. ಒಬ್ಬನಿಗೆ ಫೋನ್ ಬರುತ್ತದೆ, ಕೈ ಬಿಡುತ್ತಾನೆ, ಅಡಿಯಲ್ಲಿ ಕೂತವನ ಕೈ ಹೋಯಿತು. ಬಾಲದ ಕೆಳಗೆ ಟೈ-ಡೌನ್ ರಿಂಗ್, ಅಂದರೆ ವಿಮಾನ ಕಟ್ಟಿಹಾಕುವ ಬಳೆ ಇದೆ. ಅದಕ್ಕೆ ಲಾರಿಯವರ ರಾಚೆಟ್ ಬೆಲ್ಟ್ ಹಾಕಿ, ನೇರ ಕೆಳಗೆ ನೆಲದ ಗಟ್ಟಿ ಹುಕ್ಕಿಗೆ ಬಿಗಿಯಿರಿ. ಹುಕ್ ಇಲ್ಲವಾ, ಡ್ರಮ್ಮಿಗೆ ಕಾಂಕ್ರೀಟ್ ತುಂಬಿ. ಡ್ರಮ್ ಬೇಕಾದ್ದಕ್ಕಿಂತ ಜಾಸ್ತಿಯೇ ಭಾರ ಇರಲಿ. ನೈಲಾನ್ ಹಗ್ಗ ಹಿಗ್ಗುತ್ತದೆ. ದೋಣಿಗೆ ಅದು ಒಳ್ಳೆಯದು, ಇಲ್ಲಿ ಅಲ್ಲ. ಮೂತಿ ಮೇಲೆ ಕೆಳಗೆ ತೂಗಾಡುತ್ತದೆ.

ಬಿಗಿಯುವ ಮೊದಲು ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡಿ. ಪಾರ್ಕಿಂಗ್ ಬ್ರೇಕ್ ನಂಬಬೇಡಿ. ಕಾಕ್‌ಪಿಟ್ಟಿನಲ್ಲಿ ಯಾರೂ ಇರಬಾರದು. ಇಂಜಿನ್ ಇದೆ ಅಂದಿರಲ್ಲ, ಹಾಗಾದರೆ ಸ್ಪಾರ್ಕ್ ಪ್ಲಗ್ಗಿನ ವಯರ್‌ಗಳನ್ನು ತೆಗೆದಿಡಿ. ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿ ಬೇಡ. ಉಪ್ಪು ಗಾಳಿಗೆ ಅದರ ಅರ್ಥಿಂಗ್ ವಯರ್ ತಿಂದುಹೋಗಿದ್ದರೆ, ಕೀ ಆಫ್ ಇದ್ದರೂ ಪ್ರೊಪೆಲ್ಲರ್ ತಿರುಗಿಸಿದಾಗ ಕಿಡಿ ಹಾರಬಹುದು. ಹುಡುಗರಿಗೆ ಪ್ರೊಪೆಲ್ಲರ್ ಕಂಡರೆ ತಿರುಗಿಸದೆ ಇರಲಿಕ್ಕೆ ಆಗುವುದಿಲ್ಲ, ನಿಮಗೇ ಗೊತ್ತು.

ಬೆಲ್ಟ್ ಬಿಗಿಯುವಾಗ ಮೂತಿ ಎದ್ದರೂ ಚಕ್ರ ತಕ್ಷಣ ನೆಲ ಬಿಡದೇ ಇರಬಹುದು. ಓಲಿಯೋ ಸ್ಟ್ರಟ್, ಅಂದರೆ ಮುಂದಿನ ಕಾಲಿನ ಶಾಕ್ ಅಬ್ಸಾರ್ಬರ್, ಉದ್ದವಾಗುತ್ತಿರುತ್ತದೆ, ಅಷ್ಟೇ. ಚಕ್ರ ಎರಡು ಬೆರಳು ಎದ್ದರೆ ಸಾಕು. ಆಮೇಲೆ ಫೈರ್‌ವಾಲ್ (ಇಂಜಿನ್ ಹಿಂದಿನ ಲೋಹದ ಗೋಡೆ) ಕೆಳಅಂಚಿನ ಅಡಿಗೆ ಮರದ ತುಂಡು ಪೇರಿಸಿ, ಮೇಲೆ ಹಳೇ ಗೋಣಿ ಹಾಕಿ. ಮೈಗೆ ತಾಗುವುದು ಬೇಡ. ಬೆಲ್ಟ್ ಕೈ ಕೊಟ್ಟರೆ ಹಿಡಿಯಲಿಕ್ಕೆ ಅದು. ಬಾಲದ ಅಡಿಗೂ ಒಂದು ಸ್ಟ್ಯಾಂಡ್ ಇಡಿ.

ಕೆಲಸ ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ. ಮೂತಿ ಮೇಲಿದ್ದಾಗ ರೆಕ್ಕೆ ಗಾಳಿಯನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ತೆರೆದ ಶೆಡ್ಡಿನಲ್ಲಿ ಅದು ತಮಾಷೆ ಅಲ್ಲ.

ಇಂಜಿನ್ ಮಾತ್ರ ಈಗ ಮುಟ್ಟಬೇಡಿ. ಬಾಲ ಕೆಳಗೆ ಎಳೆದಿರುವಾಗ ಮುಂದಿನ ಭಾರ ತೆಗೆದರೆ ಬಾಲ ದಢಾರನೆ ಕೂರುತ್ತದೆ. ಇಂಜಿನ್ ಇಳಿಸುವಾಗ ಬೇಕಾದ್ದು ಬಾಲಕ್ಕೆ ಆಸರೆ, ಎಳೆತ ಅಲ್ಲ. ಪ್ರಿನ್ಸಿಪಾಲರಿಗೆ ಇನ್ನೊಂದು ದಿನ ಅಂತ ಹೇಳಿ.

ಜಕ್ಕೂರು ಕಡೆಯವ:
ಇದು ನಿಂತ ವಿಮಾನ, ಆದ್ದರಿಂದ ಸರಿ. ಹಾರುವ ವಿಮಾನವನ್ನು ಹೀಗೆ ಕೇಳಿಕೊಂಡು ಬಿಚ್ಚುವಂತಿಲ್ಲ. ಅದರ ಮೇಂಟೆನೆನ್ಸ್ ಮ್ಯಾನ್ಯುಯಲ್ ಪ್ರಕಾರವೇ ಆಗಬೇಕು, ಲೈಸೆನ್ಸ್ ಇರುವ ಎಎಂಇ (ವಿಮಾನ ಮೇಂಟೆನೆನ್ಸ್ ಇಂಜಿನಿಯರ್) ಸಹಿ ಬೇಕು.

ಕಾಳಿತೀರ:
ಎಲ್ಲರಿಗೂ ಥ್ಯಾಂಕ್ಸ್. ಸ್ಪ್ಯಾನರ್ ಸರ್, ಆಕ್ಸಲ್ ಬೋಲ್ಟ್ ತುಕ್ಕು ಹಿಡಿದು ಕೂತಿದೆ. ಎತ್ತಿದ ಮೇಲೆ ಸುತ್ತಿಗೆಯಲ್ಲಿ ಹೊಡೆಯಬಹುದಾ?

ಹಳೇ ಸ್ಪ್ಯಾನರ್:
ಎತ್ತಿದ ಮೇಲೆ ಜೋರಾಗಿ ಹೊಡೆಯುವ ಕೆಲಸ ಇಟ್ಟುಕೊಳ್ಳಬೇಡಿ. ಚಕ್ರ ನೆಲದ ಮೇಲಿದ್ದಾಗಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ನಟ್ಟನ್ನು ಅಲ್ಲೇ ಸ್ವಲ್ಪ ಸಡಿಲ ಮಾಡಿ, ಆಮೇಲೆ ಎತ್ತಿ. ಬೋಲ್ಟ್ ಬಂದ ನಂತರ ಫೋರ್ಕಿನ ಎರಡೂ ಬದಿಯಲ್ಲಿ ಫೆರೂಲ್, ಅಂದರೆ ಬೋಲ್ಟ್ ಹಾಯುವ ಗಿಡ್ಡ ಕೊಳವೆ, ಸಿಕ್ಕಿಕೊಂಡಿರುತ್ತದೆ. ಒಂದು ಬದಿಯಿಂದ ಉದ್ದ ಪಂಚ್ ತೂರಿಸಿ ಎದುರು ಬದಿಯದನ್ನು ಮೆಲ್ಲಗೆ ತಟ್ಟಿ ಹೊರಗೆ ತನ್ನಿ.

ಚಕ್ರ ಕೈಗೆ ಬಂದ ಮೇಲೆ ರಿಮ್ಮಿನ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ವಾಲ್ವಿನ ಪಿನ್ ತೆಗೆಯಿರಿ. ಟೈರ್ ಕೂತಂತೆ ಕಂಡರೂ ಸರಿ. ರಿಮ್ ಎರಡು ಹೋಳು, ಒಳಗೆ ಗಾಳಿ ಉಳಿದಿದ್ದರೆ ಸಿಡಿಯುತ್ತದೆ. ಮುಂದಿನ ಟೈರ್ ಅಳತೆ 5.00-5, ಹಿಂದಿನದು 6.00-6. ಅಂಗಡಿಯವರು ಅದಲುಬದಲು ಕೊಟ್ಟಾರು, ನೋಡಿ ತನ್ನಿ. ಮುಂದಿನದಕ್ಕೆ ಗಾಳಿ 30 ಪಿಎಸ್‌ಐ. ವಾಪಸ್ ಹಾಕುವಾಗ ಚಕ್ರ ತಿರುಗಿಸುತ್ತಾ ನಟ್ ಬಿಗಿಯಿರಿ. ಬೇರಿಂಗ್ ತುಸು ಹಿಡಿದಂತೆ ಆದ ಕೂಡಲೇ ನಟ್ಟಿನ ಹತ್ತಿರದ ಸೀಳಿನವರೆಗೆ ಹಿಂದಕ್ಕೆ ಬಿಟ್ಟು, ನಟ್ ಸಡಿಲವಾಗದಂತೆ ಹೊಸ ಕಾಟರ್ ಪಿನ್ ಹಾಕಿ. ಹಳೇದನ್ನೇ ನೆಟ್ಟಗೆ ಮಾಡಿ ಹಾಕಬೇಡಿ.