ಸ್ಕ್ಯಾನರ್ ‘ಲೀನ್’ ಎನ್ನುತ್ತಿದೆ, ಆದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ: ಈ ಅಂಕಿಗಳನ್ನು ಹೇಗೆ ಓದಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಮಾದರಿಯ, 1.2 ಲೀಟರ್ ಎಂಜಿನ್ನಿನ ಪೆಟ್ರೋಲ್ ಕಾರು. ಬೆಂಗಳೂರಿನ ಒಳಗೇ ಹೆಚ್ಚಾಗಿ ಓಡುತ್ತದೆ. ಎರಡು ತಿಂಗಳಿಂದ ಚೆಕ್ ಎಂಜಿನ್ ದೀಪ ಉರಿಯುತ್ತಿದ್ದು, ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದ ಗಾಡಿ ಈಗ 12.5ಕ್ಕೆ ಇಳಿದಿದೆ. ಗ್ಯಾರೇಜೊಂದರಲ್ಲಿ ‘ಲೀನ್’ ಎಂದು ಸೂಚಿಸುವ ಪಿ0171 ಎಂಬ ಕೋಡ್ ಕಂಡ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಾಯಿಸಬೇಕೆಂದು ಹೇಳಿದರು. ಒಪ್ಪಿಕೊಳ್ಳುವ ಮೊದಲು ನಾನೇ ಒಮ್ಮೆ ನೋಡೋಣವೆಂದು ಕೈಯಲ್ಲಿ ಹಿಡಿಯುವ ಸಾಧಾರಣ ಸ್ಕ್ಯಾನರ್ ಒಂದನ್ನು ಕೊಂಡು, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚಿ, ಲೈವ್ ಡೇಟಾ ಬರೆದುಕೊಂಡಿದ್ದೇನೆ.

ರಾತ್ರಿಯಿಡೀ ನಿಂತಿದ್ದ ಗಾಡಿಯ ಕೀ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ನೋಡಿದಾಗ ಕೂಲಂಟ್ 23 ಡಿಗ್ರಿ, ಒಳಬರುವ ಗಾಳಿ 22 ಡಿಗ್ರಿ, ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆಯುವಂಥದ್ದು) 91 ಕಿಲೋಪ್ಯಾಸ್ಕಲ್ ಇತ್ತು. ಚಾಲೂ ಮಾಡಿದ ಐದು ನಿಮಿಷಕ್ಕೆ, ನಿಂತಲ್ಲೇ, ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್ (ಪೆಟ್ರೋಲ್ ಲೆಕ್ಕಕ್ಕೆ ಎಂಜಿನ್ನಿನ ಕಂಪ್ಯೂಟರ್ ಮಾಡುವ ತಿದ್ದುಪಡಿ, ಶೇಕಡಾದಲ್ಲಿ) +9, ಲಾಂಗ್ ಟರ್ಮ್ +16. ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದ ಮೇಲೆ ಐಡ್ಲಿಂಗಿನಲ್ಲಿ ಎರಡೂ ಸೇರಿ +14; 2500 ಆರ್‌ಪಿಎಂಗೆ ಏರಿಸಿದರೆ +4. ಬಿಸಿ ಎಂಜಿನ್ನಿನಲ್ಲಿ ಐಡ್ಲಿಂಗ್ ಮ್ಯಾಪ್ 33. ಪುಸ್ತಕದಲ್ಲಿ ಎಂಜಿನ್ ನಿಂತಾಗ ಮ್ಯಾಪ್ ಸುಮಾರು 100 ಇರಬೇಕೆಂದಿದೆ. ಹಾಗಾದರೆ ಕೆಟ್ಟಿರುವುದು ಮ್ಯಾಪ್ ಸೆನ್ಸರೇ? ಲೀನ್ ಎಂದರೆ ಪೆಟ್ರೋಲ್ ಕಡಿಮೆ ಎಂದರ್ಥವಲ್ಲವೇ, ಮತ್ತೆ ಮೈಲೇಜ್ ಇಳಿದದ್ದೇಕೆ?

ಮೊದಲ ಉತ್ತರ

ಮ್ಯಾಪ್ ಸೆನ್ಸರಿನ ಮೇಲಿನ ಅನುಮಾನವನ್ನು ಈಗಲೇ ಬಿಟ್ಟುಬಿಡಿ. ಎಂಜಿನ್ ನಿಂತಿರುವಾಗ ಅದು ಅಳೆಯುವುದು ಹೊರಗಿನ ವಾಯುಭಾರವನ್ನೇ. ಪುಸ್ತಕದ 100 ಎಂಬ ಅಂಕಿ ಸಮುದ್ರಮಟ್ಟದ್ದು. ಮಂಗಳೂರಿನಲ್ಲಿ ನೋಡಿದರೆ ನಿಮಗೂ ಅದೇ ಕಾಣುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 91 ಬಂದರೆ ಸೆನ್ಸರ್ ಸರಿಯಾಗಿಯೇ ಹೇಳುತ್ತಿದೆ ಎಂದು ತಿಳಿಯಬೇಕು. ಇಲ್ಲಿ 100 ತೋರಿಸಿದ್ದರೆ ಚಿಂತೆ ಮಾಡಬೇಕಿತ್ತು.

ರಾತ್ರಿಯಿಡೀ ತಣಿದ ಎಂಜಿನ್ನಿನಲ್ಲಿ ಕೂಲಂಟ್ ಮತ್ತು ಗಾಳಿಯ ಉಷ್ಣಾಂಶ ಹೆಚ್ಚುಕಡಿಮೆ ಒಂದೇ ಆಗಿರಬೇಕು. ನಿಮ್ಮಲ್ಲಿ ಒಂದೇ ಡಿಗ್ರಿಯ ವ್ಯತ್ಯಾಸವಿದೆ, ಆದ್ದರಿಂದ ಅವೆರಡನ್ನೂ ನಂಬಬಹುದು. (ಎಂದಾದರೂ ಕೂಲಂಟ್ -40 ಡಿಗ್ರಿ ಎಂದು ತೋರಿಸಿದರೆ ಅದು ಚಳಿಯಲ್ಲ, ಸೆನ್ಸರಿನ ವೈರ್ ಕಡಿದಿದೆ ಎಂಬ ಸೂಚನೆ.) ಎಂಜಿನ್ ಚಾಲೂ ಮಾಡುವ ಮುನ್ನವೇ ಮೂರು ಸೆನ್ಸರುಗಳನ್ನು ಪರೀಕ್ಷಿಸಿದಂತಾಯಿತು.

ಉಳಿದದ್ದು ಟ್ರಿಮ್. ಐಡ್ಲಿಂಗಿನಲ್ಲಿ ಹೆಚ್ಚಿದ್ದು, ಆರ್‌ಪಿಎಂ ಏರಿದಾಗ ಇಳಿಯುವುದು ವ್ಯಾಕ್ಯೂಮ್ ಸೋರಿಕೆಯ, ಅಂದರೆ ಎಲ್ಲೋ ಸಂದಿನಿಂದ ಹೊರಗಿನ ಗಾಳಿ ಒಳನುಗ್ಗುವುದರ, ಲಕ್ಷಣ. ಇನ್‌ಟೇಕ್ ಮ್ಯಾನಿಫೋಲ್ಡಿನ ಹೋಸುಗಳನ್ನು ಒಂದೊಂದಾಗಿ ನೋಡಿ. ಪೆಟ್ರೋಲ್ ಪಂಪ್ ದುರ್ಬಲವಾಗಿದ್ದರೆ ಇದಕ್ಕೆ ತದ್ವಿರುದ್ಧವಾಗಿ, ಲೋಡ್ ಬಿದ್ದಾಗ ಟ್ರಿಮ್ ಏರುತ್ತಿತ್ತು.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದರಲ್ಲಿ ವ್ಯಾಕ್ಯೂಮ್ ಸೋರಿಕೆಯ ಮಾತನ್ನು ಮಾತ್ರ ತಿದ್ದಬೇಕಾಗಿದೆ. ಆ ನಿಯಮ ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಮಾಫ್ ಸೆನ್ಸರ್ ಇರುವ ಎಂಜಿನ್ನುಗಳಿಗೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅಲ್ಲಿ ಸೋರಿಕೆಯಿಂದ ನುಗ್ಗಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಮಾಫ್ ಇಲ್ಲ, ಮ್ಯಾಪ್ ಮಾತ್ರ ಇದೆ. ಇಂಥ ಎಂಜಿನ್ನಿನಲ್ಲಿ ಕಳ್ಳದಾರಿಯಿಂದ ಬಂದ ಗಾಳಿಯೂ ಮ್ಯಾನಿಫೋಲ್ಡಿನ ಒತ್ತಡವನ್ನು ಏರಿಸುವುದರಿಂದ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪೆಟ್ರೋಲ್ ಕೊಡುತ್ತದೆ. ಅಂಥ ಸೋರಿಕೆ ಟ್ರಿಮ್‌ಗಿಂತ ಹೆಚ್ಚಾಗಿ ಏರಿದ ಮ್ಯಾಪ್‌ನಲ್ಲಿ, ಕೆಲವೊಮ್ಮೆ ಏರಿದ ಐಡ್ಲಿಂಗ್ ವೇಗದಲ್ಲಿ ಕಾಣುತ್ತದೆ. ನಿಮ್ಮ ಮ್ಯಾಪ್ 33 ಇದೆ, ಆರೋಗ್ಯವಂತ ಎಂಜಿನ್ನಿನ ಅಂಕಿಯದು. ಹಾಗಾಗಿ ಇನ್‌ಟೇಕ್ ಕಡೆ ನನಗೆ ಅನುಮಾನವಿಲ್ಲ.

‘ಲೀನ್’ ಎಂಬುದು ಎಂಜಿನ್ನಿನ ಸ್ಥಿತಿಯಲ್ಲ, ಸೈಲೆನ್ಸರ್ ಕೊಳವೆಯಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್ ಕೊಟ್ಟ ಸಾಕ್ಷಿ. ಅದಕ್ಕೆ ಪೆಟ್ರೋಲ್ ಕಾಣುವುದಿಲ್ಲ, ಆಕ್ಸಿಜನ್ ಮಾತ್ರ ಕಾಣುತ್ತದೆ. ಸೆನ್ಸರಿಗಿಂತ ಮುಂಚೆ, ಸಿಲಿಂಡರುಗಳ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಸಣ್ಣ ಬಿರುಕೋ ಸಡಿಲ ಗ್ಯಾಸ್ಕೆಟ್ಟೋ ಇದ್ದರೆ, ಹೊಗೆ ಮಿಡಿತ ಮಿಡಿತವಾಗಿ ಹೊರಡುವಾಗ ಎರಡು ಮಿಡಿತಗಳ ನಡುವೆ ಹೊರಗಿನ ಗಾಳಿ ಒಳಕ್ಕೆ ಸೆಳೆಯಲ್ಪಡುತ್ತದೆ. ಸೆನ್ಸರ್ ಆ ಆಕ್ಸಿಜನ್ನನ್ನು ಕಂಡು ಲೀನ್ ಎನ್ನುತ್ತದೆ, ಇಸಿಯು ನಂಬಿ ಪೆಟ್ರೋಲ್ ಹೆಚ್ಚಿಸುತ್ತದೆ. ಟ್ರಿಮ್ +14 ಎಂದರೆ ತನ್ನ ಮೂಲ ಲೆಕ್ಕಕ್ಕಿಂತ ಶೇ. 14ರಷ್ಟು ಹೆಚ್ಚು ಸುರಿಯುತ್ತಿದೆ ಎಂದರ್ಥ. ಸಿಗ್ನಲ್ಲುಗಳಲ್ಲಿ ನಿಂತು ನಿಂತು ಸಾಗುವ ಬೆಂಗಳೂರಿನ ಓಡಾಟದಲ್ಲಿ ನಿಮ್ಮ ಮೈಲೇಜ್ ಹೋಗುತ್ತಿರುವುದು ಅಲ್ಲಿಗೇ. ಆರ್‌ಪಿಎಂ ಏರಿದಾಗ ಹೊಗೆಯ ಪ್ರವಾಹ ಜೋರಾಗಿ, ಹೀಗೆ ಸೇರುವ ಗಾಳಿಯ ಪಾಲು ಕಡಿಮೆಯಾಗುತ್ತದೆ. ಟ್ರಿಮ್ ಇಳಿಯುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು. ಬೆಳಿಗ್ಗೆ +25 ಇದ್ದದ್ದು ಬಿಸಿಯಾದ ಮೇಲೆ +14ಕ್ಕೆ ಇಳಿದದ್ದೇ ನನಗೆ ಎಲ್ಲಕ್ಕಿಂತ ದೊಡ್ಡ ಸುಳಿವು: ಬಿಸಿಗೆ ಲೋಹ ಹಿಗ್ಗಿ ಸಂದು ಸ್ವಲ್ಪ ಮುಚ್ಚಿಕೊಂಡಿರಬೇಕು.

ಮೂರು ಕೆಲಸ ಮಾಡಿ. ಕೋಡ್ ಅಳಿಸುವ ಮುನ್ನ ಫ್ರೀಜ್ ಫ್ರೇಮ್ ತೆರೆದು, ದೀಪ ಹತ್ತಿದ ಗಳಿಗೆಯಲ್ಲಿ ಕೂಲಂಟ್ ಮತ್ತು ವೇಗ ಎಷ್ಟಿತ್ತೆಂದು ಬರೆದುಕೊಳ್ಳಿ. ಅಳಿಸಿದರೆ ಅದೂ ಹೋಗುತ್ತದೆ. ಮುಂದೆ, ಗ್ರಾಫಿನಲ್ಲಿ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ಮತ್ತು ಆರ್‌ಪಿಎಂ ಎರಡನ್ನೇ ಇಟ್ಟುಕೊಳ್ಳಿ, ಏಕೆಂದರೆ ಹತ್ತು ಸಾಲು ಆರಿಸಿದರೆ ಸಾಧಾರಣ ಸ್ಕ್ಯಾನರ್ ಒಂದೊಂದನ್ನೂ ಸರದಿಯಂತೆ ಕೇಳಿ ನಿಧಾನವಾಗುತ್ತದೆ. ಖಾಲಿ ರಸ್ತೆಯಲ್ಲಿ ಒಬ್ಬರು ಓಡಿಸುತ್ತಿರಲಿ, ಇನ್ನೊಬ್ಬರು ನೋಡಲಿ: ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ 0.8 ವೋಲ್ಟ್ ದಾಟಿ, ಗೇರಿನಲ್ಲೇ ಕಾಲು ತೆಗೆದಾಗ 0.1ರ ಹತ್ತಿರಕ್ಕೆ ಥಟ್ಟನೆ ಬಿದ್ದರೆ ಸೆನ್ಸರ್ ಚೆನ್ನಾಗಿದೆ. ಮೂರನೆಯದಾಗಿ, ಬೆಳಿಗ್ಗೆ ಬಾನೆಟ್ ಎತ್ತಿ ಚಾಲೂ ಮಾಡಿ, ಸಂದಿನಿಂದ ಹೊಗೆ ಸೋರುವ ಸದ್ದಿದೆಯೇ ಎಂದು ಕಿವಿಗೊಡಿ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ನಂತರ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಫ್ರೀಜ್ ಫ್ರೇಮಿನಲ್ಲಿ ಕೂಲಂಟ್ 58 ಡಿಗ್ರಿ, ವೇಗ ಸೊನ್ನೆ ಎಂದಿತ್ತು, ಅಂದರೆ ದೀಪ ಹತ್ತಿದ್ದು ಬೆಳಗಿನ ಹೊತ್ತು, ಗಾಡಿ ನಿಂತಿದ್ದಾಗ. ರಸ್ತೆಯಲ್ಲಿ ಸೆನ್ಸರ್ 0.87ಕ್ಕೆ ಏರಿ 0.05ಕ್ಕೆ ಇಳಿಯಿತು. ಇನ್ನು ಶಬ್ದ: ಚಾಲೂ ಮಾಡಿದ ಮೊದಲ ಕೆಲವು ನಿಮಿಷ ಟಿಕ್ ಟಿಕ್ ಎನ್ನುವ ಸದ್ದು ತಿಂಗಳುಗಳಿಂದ ಇತ್ತು, ವಾಲ್ವುಗಳ ಟ್ಯಾಪೆಟ್ ಸದ್ದಿರಬೇಕೆಂದು ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಪರಿಚಯದ ಮೆಕ್ಯಾನಿಕ್ ಶಾಖತಡೆಯ ತಗಡನ್ನು ಬಿಚ್ಚಿದಾಗ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ನಾಲ್ಕನೆಯ ಸಿಲಿಂಡರಿನ ಬಾಯಿಯ ಬಳಿ, ಗ್ಯಾಸ್ಕೆಟ್ಟಿನ ಅಂಚಿನುದ್ದಕ್ಕೂ, ಬೆರಳಗಲದ ಕಪ್ಪು ಮಸಿಯ ಗೆರೆ ಕಾಣಿಸಿತು. ಆ ಕಡೆ ಮ್ಯಾನಿಫೋಲ್ಡನ್ನು ಬಿಗಿದಿಡುವ ಒಂದು ಸ್ಟಡ್ ಮುರಿದುಹೋಗಿತ್ತು.

ಸ್ಟಡ್ ತೆಗೆಯುವುದಕ್ಕೇ ಅರ್ಧ ದಿನ ಹಿಡಿಯಿತು. ಹೊಸ ಸ್ಟಡ್, ಹೊಸ ಗ್ಯಾಸ್ಕೆಟ್ ಹಾಕಿಸಿ, ಕೋಡ್ ಅಳಿಸಿ 300 ಕಿ.ಮೀ. ಓಡಿಸಿದ್ದೇನೆ. ಇಂದು ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿ ಐದು ನಿಮಿಷಕ್ಕೆ ನೋಡಿದಾಗ ಶಾರ್ಟ್ ಟರ್ಮ್ -1, ಲಾಂಗ್ ಟರ್ಮ್ +3 ಇತ್ತು. ಟಿಕ್ ಟಿಕ್ ಸದ್ದೂ ಇಲ್ಲ. ಹಳೆಯ ಆಕ್ಸಿಜನ್ ಸೆನ್ಸರ್ ಅದರ ಜಾಗದಲ್ಲೇ ಇದೆ. ಮೈಲೇಜ್ ಲೆಕ್ಕವನ್ನು ಒಂದು ಪೂರ್ತಿ ಟ್ಯಾಂಕ್ ಮುಗಿದ ಮೇಲೆ ಬರೆಯುತ್ತೇನೆ.