ಪದಚರ್ಚೆ: ‘ಕ್ಲಚ್ ಮೆಲ್ಲ ಬಿಡಿ’, ‘ಹಾಫ್ ಕ್ಲಚ್’, ‘ಗೇರ್ ಇಳಿಸು’

ಮಾನ್ಯರೇ,

ಮಂಗಳೂರಿನಲ್ಲಿ ಕಾರು ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಗೇರ್ ಬದಲಿಸುವ ಅಧ್ಯಾಯದಲ್ಲಿ ಎದುರಾದ ಕೆಲವು ಪ್ರಯೋಗಗಳ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

ನಮ್ಮ ಕರಾವಳಿಯಲ್ಲಿ ಕಲಿಸುವವರು ಸಾಮಾನ್ಯವಾಗಿ ‘ಕ್ಲಚ್ ಮೆಲ್ಲ ಬಿಡಿ’ ಎನ್ನುತ್ತಾರೆ. ಆದರೆ ಪೆಡಲ್ ಮೇಲೆ ಬರುವಷ್ಟು ಹೊತ್ತೂ ಕಾಲು ಒಂದೇ ಸಮನೆ ನಿಧಾನವಾಗಿರಬೇಕಾಗಿಲ್ಲ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ (ಎಂಜಿನ್ನಿನೊಂದಿಗೆ ತಿರುಗುವ ಚಕ್ರಕ್ಕೆ) ತಾಗಿ, ಜಾರುತ್ತಲೇ ಅದರ ವೇಗಕ್ಕೆ ಹೊಂದಿಕೊಳ್ಳುವ ಆ ಸ್ವಲ್ಪ ಅಂತರದಲ್ಲಿ ಮಾತ್ರ ಕಾಲನ್ನು ತಡೆದು ಹಿಡಿಯಬೇಕು; ಅದಕ್ಕೆ ಮೊದಲು ಪೆಡಲ್ ಬೇಗ ಬಂದರೂ ತೊಂದರೆಯಿಲ್ಲ, ಹಿಡಿತ ಕೂಡಿದ ಮೇಲೆ ಕಾಲನ್ನು ಪೂರ್ತಿ ತೆಗೆಯಲೇಬೇಕು. ‘ಮೆಲ್ಲ’ ಎಂಬುದನ್ನು ಅಕ್ಷರಶಃ ಪಾಲಿಸುವವರು ಮೂರರಿಂದ ನಾಲ್ಕನೇ ಗೇರಿಗೆ ಹೋಗುವಾಗಲೂ ತಡಮಾಡಿ ಪ್ಲೇಟನ್ನು ಸವೆಸುತ್ತಾರೆ. ‘ನಯವಾಗಿ’ ಎಂದರೆ ಒಳಗೆ ಕುಳಿತವರಿಗೆ ಜರ್ಕ್ ತಿಳಿಯದೆ ಹೋಗುವ ಫಲವನ್ನು ಹೇಳಿದಂತಾಯಿತೇ ಹೊರತು ಕಾಲಿನ ಕೆಲಸವನ್ನು ಹೇಳಿದಂತಾಗಲಿಲ್ಲ. ‘ಸರಾಗವಾಗಿ’ ಎಂಬುದು ಗೇರ್ ಲಿವರಿಗೆ ಚೆನ್ನಾಗಿ ಒಪ್ಪುತ್ತದೆ. ಕ್ಲಚ್ಚಿಗೆ ಮಾತ್ರ ‘ಹದವಾಗಿ’ ಎಂಬುದೇ ಸರಿಯೆಂದು ನನ್ನ ಅಭಿಪ್ರಾಯ. ಬೆಲ್ಲದ ಪಾಕದಲ್ಲಿ ಇರುವಂತೆ ಇಲ್ಲಿಯೂ ತಪ್ಪಿಸಿಕೊಳ್ಳಬಾರದ ಒಂದು ಗಳಿಗೆಯಿದೆ.

‘ಹಾಫ್ ಕ್ಲಚ್’ ಇನ್ನೂ ಹೆಚ್ಚು ಗೊಂದಲದ ಮಾತು. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಹೋಗುವ ಏರಿನಲ್ಲಿ ವಾಹನಗಳು ನಿಂತಾಗ, ಎಂಜಿನ್ನಿನ ಸದ್ದು ತಗ್ಗಿ ಬಾನೆಟ್ ತುಸು ಎದ್ದಂತಾಗುವವರೆಗೆ ಪೆಡಲನ್ನು ತಂದು, ಬಳಿಕ ಹ್ಯಾಂಡ್‌ಬ್ರೇಕ್ ಇಳಿಸುವುದನ್ನು ‘ಹಾಫ್ ಕ್ಲಚ್ಚಿಗೆ ತರುವುದು’ ಎನ್ನುತ್ತೇವೆ. ಇದು ಕಲಿಯಲೇಬೇಕಾದ ವಿದ್ಯೆ. ಬ್ರೇಕ್ ಹಿಡಿಯದೆ ಅದೇ ಏರಿನಲ್ಲಿ ಕ್ಲಚ್ಚಿನಲ್ಲೇ ಕಾರನ್ನು ನಿಲ್ಲಿಸಿಕೊಳ್ಳುವುದಕ್ಕೂ, ಓಡುವಾಗ ಪೆಡಲಿನ ಮೇಲೆ ಕಾಲಿಟ್ಟೇ ಇರುವುದಕ್ಕೂ ಅದೇ ಹೆಸರು; ಇವೆರಡೂ ಬಿಡಲೇಬೇಕಾದ ಚಾಳಿಗಳು. ಒಂದೇ ಪಾಠದಲ್ಲಿ ‘ಹಾಫ್ ಕ್ಲಚ್ ಮಾಡಿ’, ‘ಹಾಫ್ ಕ್ಲಚ್ ಮಾಡಬೇಡಿ’ ಎಂಬೆರಡನ್ನೂ ಕೇಳಿದವರು ಏನೆಂದು ತಿಳಿಯಬೇಕು? ಮೇಲಾಗಿ, ಕ್ಲಚ್ ಹಿಡಿಯತೊಡಗುವ ಬಿಂದು ಎಲ್ಲ ಕಾರುಗಳಲ್ಲಿಯೂ ಪೆಡಲಿನ ಅರ್ಧದಾರಿಯಲ್ಲಿರುವುದಿಲ್ಲ. ಗ್ಯಾರೇಜಿನವರು ‘ಕ್ಲಚ್ ಹಿಡಿಯುತ್ತಿಲ್ಲ’ ಎಂದು ಸಹಜವಾಗಿ ಆಡುವ ಮಾತಿನಿಂದಲೇ ‘ಹಿಡಿಯುವ ಹಂತ’ ಎಂಬುದನ್ನು ಮೊದಲನೆಯ ಅರ್ಥಕ್ಕೆ ಬಳಸಬಹುದೆಂದು ತೋರುತ್ತದೆ.

ಕೊನೆಯದಾಗಿ ‘ಗೇರ್ ಇಳಿಸು’. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವುಗಳ ಘಾಟಿ ಹತ್ತುವಾಗ ಎಳೆತಕ್ಕಾಗಿ ಗೇರ್ ಇಳಿಸುತ್ತೇವೆ, ಅಂದರೆ ಕಡಿಮೆ ಸಂಖ್ಯೆಯ ಗೇರಿಗೆ ಬರುತ್ತೇವೆ. ಮರಳಿ ಇಳಿಯುವಾಗ, ಬ್ರೇಕ್ ಕಾಯದಂತೆ ಎಂಜಿನ್ನೇ ಕಾರನ್ನು ತಡೆಯಲೆಂದು ಮತ್ತೆ ಗೇರ್ ಇಳಿಸುತ್ತೇವೆ. ಏರಿನಲ್ಲಿ ಗೇರನ್ನು ಏರಿಸಬೇಕೆಂದು ಹೊಸಬರು ತಿಳಿದರೆ ತಪ್ಪು ಅವರದಲ್ಲ. ಹೀಗಾಗಿ ‘ಎರಡನೇ ಗೇರಿಗೆ ಬನ್ನಿ’ ಎಂದು ಸಂಖ್ಯೆಯನ್ನೇ ಹೇಳುವುದು ಲೇಸೆಂದು ಆ ಪುಟವನ್ನು ಹಾಗೆಯೇ ಬರೆದಿದ್ದೇನೆ.

‘ಹಿಡಿಯುವ ಹಂತ’ಕ್ಕಿಂತ ಚಿಕ್ಕದಾದ, ಉಡುಪಿ, ಕುಂದಾಪುರ ಕಡೆಯ ಬಸ್ಸು ಲಾರಿ ಚಾಲಕರ ಬಾಯಲ್ಲಿ ಈಗಾಗಲೇ ಇರುವ ಮಾತು ಯಾವುದಾದರೂ ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಸಹಿತ ದಯವಿಟ್ಟು ತಿಳಿಸಿರಿ.