ಚಿಕ್ಕಪ್ಪ ಹಂಚಿದ ಯೋಗದ ವಿಡಿಯೊ

ಚಿಕ್ಕಪ್ಪ: ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದವರು ಯೋಗದಿಂದ ಎದ್ದು ನಡೆದ ವಿಡಿಯೊ ಹಾಕಿದ್ದೇನೆ. ಎಲ್ಲರೂ ಪೂರ್ತಿ ನೋಡಿ. ನಮ್ಮ ಹುಡುಗನಿಗೂ ನಾಳೆಯಿಂದಲೇ ಶುರು ಮಾಡಿಸೋಣ.

ಅಕ್ಕ: ನೋಡಿದೆ, ಚಿಕ್ಕಪ್ಪ. ಅವರಿಗಾದ ಪೆಟ್ಟು ಪೂರ್ಣವೋ ಅಪೂರ್ಣವೋ ಎಂಬ ಮುಖ್ಯ ಸಂಗತಿಯನ್ನೇ ವಿಡಿಯೊ ಮಾಡಿದವರು ಮುಚ್ಚಿಟ್ಟಿದ್ದಾರೆ. ಹುರಿಯ ಕೆಲವು ನರತಂತುಗಳು ಉಳಿದುಕೊಂಡಿದ್ದರೆ, ಮೊದಲ ಒಂದು ವರ್ಷದೊಳಗೆ, ಆಸನ ಹಾಕಿದರೂ ಹಾಕದಿದ್ದರೂ, ಎಷ್ಟೋ ಚಲನೆ ತಾನಾಗಿಯೇ ಮರಳುವುದುಂಟು.

ಚಿಕ್ಕಪ್ಪ: ಫಿಸಿಯೊಥೆರಪಿ ಓದಿದವರಿಗೆ ಯೋಗವೆಂದರೆ ಯಾವಾಗಲೂ ತಾತ್ಸಾರವೇ. 1978ರ ಅಪಘಾತದಲ್ಲಿ, 13ನೇ ವಯಸ್ಸಿಗೇ ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡ ಅಮೆರಿಕದ ಮ್ಯಾಥ್ಯೂ ಸ್ಯಾನ್‌ಫೋರ್ಡ್ ಯೋಗ ಗುರುವಾಗಲಿಲ್ಲವೇ?

ಅಕ್ಕ: ಆದರು, ಗಾಲಿಕುರ್ಚಿಯಲ್ಲಿ ಕುಳಿತೇ ಕಲಿಸಿದರು. ಅವರ ಉದಾಹರಣೆ ನನ್ನ ಮಾತಿಗೇ ಪುಷ್ಟಿ ಕೊಡುತ್ತದೆ.

ಭಾವ: ಖರ್ಚಿಲ್ಲದ ಕೆಲಸ. ಮಾಡಿಸಿದರೆ ನಷ್ಟವೇನು?

ಅಕ್ಕ: ನಷ್ಟವಿದೆ, ಭಾವ. ತಮ್ಮನ ಪೆಟ್ಟು ಸಿ6, ಅಂದರೆ ಕುತ್ತಿಗೆಯ ಆರನೇ ನರದ ಮಟ್ಟದ್ದು. ಬೆರಳುಗಳಿಗೆ ಸ್ವಂತ ಬಲವಿಲ್ಲದಿದ್ದರೂ, ಮಣಿಕಟ್ಟನ್ನು ಹಿಂದಕ್ಕೆ ಎತ್ತಿದಾಗ ಗಿಡ್ಡಗಾಗಿರುವ ಸ್ನಾಯುರಜ್ಜುಗಳು ಬೆರಳುಗಳನ್ನು ತಾವೇ ಮಡಿಸುವುದರಿಂದಲೇ ಅವನು ಚಮಚ ಹಿಡಿಯುತ್ತಾನೆ, ಫೋನು ಎತ್ತುತ್ತಾನೆ. ವಿಡಿಯೊದಲ್ಲಿ ತೋರಿಸಿದಂತೆ ಅಂಗೈ ನೆಲಕ್ಕೂರಿ, ಬೆರಳು ಚಾಚಿಸಿ, ಮೈಭಾರ ಹಾಕಿಸುತ್ತ ಹೋದರೆ ಆ ರಜ್ಜುಗಳು ಜಗ್ಗಿ, ತಿಂಗಳುಗಟ್ಟಲೆ ಅಭ್ಯಾಸದಿಂದ ಬಂದ ಹಿಡಿತವೇ ಕೈತಪ್ಪುತ್ತದೆ. ಕೈಯೂರುವುದಾದರೆ ಬೆರಳು ಮಡಿಸಿಯೇ ಊರಬೇಕು. ಇನ್ನು ಕಾಲುಗಳ ಮೂಳೆ ಸವೆದಿರುತ್ತದೆ. ಹಟದಿಂದ ಬಗ್ಗಿಸಿ ಅದು ಮುರಿದರೂ ಅವನಿಗೆ ನೋವು ಗೊತ್ತಾಗುವುದಿಲ್ಲ.

ತಮ್ಮ: ನಾನೂ ಈ ಗುಂಪಿನಲ್ಲಿದ್ದೇನೆ ಎಂಬುದು ಯಾರಿಗಾದರೂ ನೆನಪಿದೆಯೇ? ನಡೆಯುವ ಆಸೆಯಿಂದಲ್ಲ, ನನಗೆ ಯೋಗ ಬೇಕಿರುವುದು ಉಸಿರಿಗಾಗಿ. ಕೆಮ್ಮಿದರೆ ಕಫ ಮೇಲೆ ಬರುವುದಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ.

ಚಿಕ್ಕಪ್ಪ: ಅದಕ್ಕೇ ಕಪಾಲಭಾತಿ ಇದೆಯಲ್ಲ!

ಅಕ್ಕ: ಕಪಾಲಭಾತಿಗೆ ಹೊಟ್ಟೆಯ ಸ್ನಾಯುಗಳು ಒಳಕ್ಕೆ ಒದೆಯಬೇಕು, ಅವನಿಗೆ ಆ ಸ್ನಾಯುಗಳ ಮೇಲೆ ಸ್ವಾಧೀನವಿಲ್ಲ, ಕೆಮ್ಮು ದುರ್ಬಲವಾಗಿರುವುದೂ ಅದರಿಂದಲೇ. ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರೆಳೆಯುವ ಸ್ನಾಯುವಾದ ವಪೆಗೆ ಹೋಗುವ ನರ, ಪೆಟ್ಟಿಗಿಂತ ಮೇಲಿರುವ ಸಿ3ರಿಂದ ಸಿ5ರವರೆಗಿನ ಮಟ್ಟದಿಂದ ಹೊರಡುವುದರಿಂದ ಒಳಗೆಳೆಯುವ ಉಸಿರು ಅವನ ಕೈಯಲ್ಲಿದೆ. ನಿಧಾನವಾಗಿ ತುಂಬಿಕೊಳ್ಳುವ ಉಸಿರು, ಭ್ರಾಮರಿ, ಮಲಗಿ ಮಾಡುವ ಯೋಗನಿದ್ರೆ, ಇವಿಷ್ಟಕ್ಕೆ ನನ್ನ ಒಪ್ಪಿಗೆಯಿದೆ. ಕಫ ತೆಗೆಯಲು ಮಾತ್ರ ಇನ್ನೊಬ್ಬರು ಹೊಟ್ಟೆ ಒತ್ತಿ ಕೆಮ್ಮಿಸುವುದನ್ನು ಬಿಡುವಂತಿಲ್ಲ.

ಚಿಕ್ಕಪ್ಪ: ವಿಡಿಯೊ ನಾನಂತೂ ಅಳಿಸುವುದಿಲ್ಲ. ಭ್ರಾಮರಿ ನಾನೇ ಹೇಳಿಕೊಡುತ್ತೇನೆ.

ತಮ್ಮ: ಬನ್ನಿ ಚಿಕ್ಕಪ್ಪ, ಬೆರಳು ಚಾಚಿಸುವಂತಿಲ್ಲ ಅಷ್ಟೇ.

ಅಕ್ಕ: ಶುರು ಮಾಡುವ ಮೊದಲು ಮೂತ್ರದ ಚೀಲ ಖಾಲಿ ಮಾಡಿಸಿ, ನಳಿಕೆ ಮಡಚಿಕೊಂಡಿಲ್ಲವೆಂದು ನೋಡಿ. ಟಿ6, ಅಂದರೆ ಎದೆಭಾಗದ ಆರನೇ ನರದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರ ಕಟ್ಟಿದರೂ ಸಾಕು, ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ತಲೆ ಸಿಡಿದು ಮುಖ ಬೆವರಿದರೆ ಮಲಗಿಸಬೇಡಿ. ಕೂಡಲೇ ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ನನಗೆ ಫೋನ್ ಮಾಡುವುದಕ್ಕೂ ಮುಂಚೆ ಆಂಬುಲೆನ್ಸ್ ಕರೆಯಿರಿ.